ಪಕ್ಕದ ಕುರ್ಚಿಯವಳನ್ನು ವಿಚಾರಿಸಲು ಬಂದವರು

ಒಂದೇ ವಾಕ್ಯದಿಂದ ಒಂದು ಮದುವೆಯನ್ನು ನಿಲ್ಲಿಸಲು ಸಾಧ್ಯವೇ?

ಸಾಧ್ಯ. ಕಳೆದ ತಿಂಗಳು ನಾನು ನಿಲ್ಲಿಸಿದೆ. ಅದೂ ಅತ್ಯಂತ ಸಭ್ಯವಾದ, ಒಂದು ತಪ್ಪೂ ಇಲ್ಲದ ವಾಕ್ಯದಿಂದ.

ಹೊಸಪೇಟೆಯಲ್ಲಿ ಅದಿರು ಸಾಗಿಸುವ ಲಾರಿಗಳ ಕಚೇರಿಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆಂಬುದು ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ಪತ್ರವ್ಯವಹಾರ ನನ್ನ ಪಾಲಿನದು. ಪಕ್ಕದ ಕುರ್ಚಿ ಸುಮಂಗಲಾಳದು. ಯಾವ ಲಾರಿ ಸಂಡೂರು ಬಿಟ್ಟಿತು, ಯಾವುದು ದಾರಿಯಲ್ಲಿ ಕೆಟ್ಟು ನಿಂತಿತು ಎಂದು ಚಾಲಕರಿಗೆ ಫೋನ್ ಮಾಡಿ ಕಂಪ್ಯೂಟರಿಗೆ ತುಂಬುವುದು ಆಕೆಯ ಕೆಲಸ. ಬಹಳ ಮೆಲುದನಿಯ ಹುಡುಗಿ. "ಮೇಡಂ, ಸ್ವಲ್ಪ ಜೋರ್ ಮಾತಾಡ್ರಿ, ಕೇಳಸ್ವಲ್ದು" ಎಂದು ಚಾಲಕರು ಆ ಕಡೆಯಿಂದ ಕೂಗುವುದು ನನ್ನ ಕುರ್ಚಿಗೂ ಕೇಳಿಸುತ್ತದೆ.

ಅವತ್ತು ಸುಮಂಗಲಾ ರಜೆಯಲ್ಲಿದ್ದಳು. ಊಟದ ಹೊತ್ತು ಮುಗಿದ ಮೇಲೆ ಒಬ್ಬ ಹಿರಿಯ ಹೆಂಗಸು ತಮ್ಮ ಪತಿಯೊಡನೆ ಒಳಗೆ ಬಂದರು. ಸೀದಾ ನನ್ನ ಮೇಜಿನ ಮುಂದೆ ಬಂದು, ಕುರ್ಚಿ ಎಳೆದುಕೊಂಡು ಕುಳಿತರು. ಪತಿ ನಿಂತೇ ಇದ್ದರು.

"ನಾವು ಕಂಪ್ಲಿಯವ್ರವ್ವ. ನಿಮ್ಮ ಸುಮಂಗಲಾನ್ನ ನಮ್ಮ ತಮ್ಮನ ಮಗಗ ನೋಡೀವಿ. ವಿಚಾರಿಸಾಕ ಬಂದೀವಿ. ಹುಡುಗಿ ಹೆಂಗ?"

ಹುಡುಗಿ ಹೇಗೆ? ನಾನು ತಬ್ಬಿಬ್ಬಾದೆ. ಇಷ್ಟು ನೇರವಾದ ಪ್ರಶ್ನೆಯನ್ನು ಕಚೇರಿಯಲ್ಲಿ ಯಾರೂ ನನಗೆ ಕೇಳಿರಲಿಲ್ಲ. (ನಮ್ಮ ಕಚೇರಿಯಲ್ಲಿ ಪ್ರಶ್ನೆಗಳೆಲ್ಲ ಈಮೇಲ್‌ನಲ್ಲಿ ಬರುತ್ತವೆ, 'ದಯವಿಟ್ಟು' ಎಂದು ಆರಂಭವಾಗುತ್ತವೆ.) "ಕೆಲಸದಲ್ಲಿ ಶಿಸ್ತಿನವರು" ಎಂದೆ.

"ಕೆಲ್ಸ ಬಿಡವ್ವ. ಸ್ವಭಾವ ಹೆಂಗ? ಸಿಟ್ಟು ಗಿಟ್ಟು? ಭಾನುವಾರ ಯಾರದೋ ಬೈಕ್ ಮ್ಯಾಲೆ ಕುಂತ್ಕಂಡು ಹೋಗ್ತಾಳಂತಲ್ಲ, ಎಲ್ಲಿಗೆ?"

ಬೈಕ್? ಭಾನುವಾರ? ನನಗೇನು ಗೊತ್ತು?

ಆಗ ನಾನು ಆ ವಾಕ್ಯವನ್ನು ಹೇಳಿದೆ: "ಕ್ಷಮಿಸಿ, ಅದು ಅವರ ವೈಯಕ್ತಿಕ ವಿಷಯ. ಅದರ ಬಗ್ಗೆ ನಾನು ಮಾತನಾಡುವುದು ಸೂಕ್ತವಲ್ಲ."

ಆ ಹೆಂಗಸು ಪತಿಯ ಮುಖ ನೋಡಿದರು. ಪತಿ ಗೋಡೆಯ ಕ್ಯಾಲೆಂಡರ್ ನೋಡಿದರು. "ಆತವ್ವ" ಎಂದು ಇಬ್ಬರೂ ಎದ್ದರು. ಬಾಗಿಲ ಬಳಿ ಹೋದವರು ತಿರುಗಿ, "ಕಂಪ್ಲಿಯಾಗ ಅಕ್ಕಿ ಗಿರಣಿ ಹಿಂದ ನಮ್ಮ ಮನಿ. ಆ ಕಡಿ ಬಂದ್ರ ಬರ್ರಿ" ಎಂದು ಮರ್ಯಾದೆಗೆ ಕರೆದು ಹೋದರು.

ನನಗೆ ಹೆಮ್ಮೆಯಾಯಿತು. ಹೌದು, ಹೆಮ್ಮೆ! ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅಪ್ಪ ಕಮಲಾಪುರದಲ್ಲಿ ಬಾಳೆಗೊನೆ ಹೊತ್ತು ಲಾರಿ ತುಂಬಿದವರು. ಎಲ್ಲಿ ಏನು ಮಾತನಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ನಾನು ಯಾರಿಂದಲೂ ಬಳುವಳಿಯಾಗಿ ಪಡೆದಿಲ್ಲ. ಒಂದೊಂದನ್ನೂ ನೋಡಿ, ಕೇಳಿ, ಹೆದರಿ ಕಲಿತೆ. ಹಾಗೆ ಕಲಿತ ಮೊದಲ ಪಾಠ ಇದು: ಸಹೋದ್ಯೋಗಿಗಳ ಖಾಸಗಿ ಬದುಕಿನೊಳಗೆ ಇಣುಕಬಾರದು.

ಸಂಜೆ ಮನೆಗೆ ಹೋಗಿ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಂತಿತು.

"ಹಂಗಂದಿ? ಮಾತಾಡಾಕ ಬರಂಗಿಲ್ಲ ಅಂದಿ?"

"ಸೂಕ್ತವಲ್ಲ ಅಂದೆ."

"ಎಲ್ಲಾ ಒಂದss! ಲೇ, ಹೆಣ್ಣು ವಿಚಾರಿಸಾಕ ಬಂದವ್ರ ಮುಂದ ನೀನು ಬಾಯಿ ಮುಚ್ಕಂಡ್ರ ಏನರ್ಥ? ಆಕಿದು ಹೇಳಾಕ ಬಾರದ್ದು ಏನೋ ಐತಿ ಅಂತ ಅರ್ಥ. ನೀನು ಬೈದಿದ್ರೂ ಚಿಂತಿ ಇರಲಿಲ್ಲ. ಹೊಟ್ಟಿಕಿಚ್ಚಿಗೆ ಬೈದ್ಲು ಅಂತ ಬಿಡ್ತಿದ್ರು. ಅಯ್ಯೋ, ಯಾರ ಮಗಳೋ ಏನೋ!"

ಅವ್ವ ಹೇಳಿದ್ದು ನಿಜ.

ನಮ್ಮ ಕಡೆ ಹೆಣ್ಣು ಗಂಡು ವಿಚಾರಿಸುವ ಪದ್ಧತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಮೊದಲು ಓಣಿಯ ಅಂಗಡಿಯಲ್ಲಿ, ನೀರಿನ ನಲ್ಲಿಯ ಬಳಿ ಕೇಳುತ್ತಿದ್ದರು. ಈಗ ಹುಡುಗಿಯರು ಕಚೇರಿಗೆ ಹೋಗುತ್ತಾರೆ, ವಿಚಾರಿಸುವವರೂ ಕಚೇರಿಗೆ ಬರುತ್ತಾರೆ. ಅಲ್ಲಿ ಹೇಳುವವರು ಹೊಗಳಬೇಕು. ಬಾಯಿ ತುಂಬ ಹೊಗಳಬೇಕು. 'ಒಳ್ಳೆಯವಳು' ಎಂದಷ್ಟೇ ಹೇಳಿ ನಿಲ್ಲಿಸಿದರೆ ಅನುಮಾನ. ಹೀಗಿರುವಾಗ ನಾನು ಹೇಳಿದ್ದೇನು? ಸೂಕ್ತವಲ್ಲ!

ಮರುದಿನ ಸುಮಂಗಲಾ ಬಂದಳು. ಹೊಸ ಬಳೆ. ಮೇಜಿನ ಮೇಲಿಟ್ಟ ಫೋನನ್ನು ಆಗಾಗ ತಿರುಗಿಸಿ ನೋಡುತ್ತಿದ್ದಳು. ಮಧ್ಯಾಹ್ನ ಮೆಲ್ಲಗೆ, "ಮೇಡಂ, ನಿನ್ನೆ ಯಾರಾರ ಬಂದಿದ್ರೇನ್ರಿ?" ಎಂದಳು.

"ಬಂದಿದ್ದರು" ಎಂದೆ.

"ಹಂಗಾರ ಆತು ಬಿಡ್ರಿ" ಎಂದು ನಕ್ಕಳು. ಏನು ಹೇಳಿದಿರಿ ಎಂದು ಕೇಳಲೇ ಇಲ್ಲ. ಕೇಳಬಾರದಿತ್ತೇ? ಕೇಳಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆನೋ ಏನೋ. ವಾರ ಕಳೆಯುವ ಹೊತ್ತಿಗೆ ಫೋನ್ ತಿರುಗಿಸುವುದನ್ನೂ ನಿಲ್ಲಿಸಿದ್ದಳು.

ಇದನ್ನು ಸರಿಪಡಿಸಬೇಕೆಂದು ನಿರ್ಧರಿಸಿದೆ. ಕಂಪ್ಲಿಗೆ ಹೋಗಿ ಹೊಗಳಬೇಕು. ಆದರೆ ಏನೆಂದು ಹೊಗಳುವುದು? ಆಕೆಯ ಬಗ್ಗೆ ನನಗೆ ಏನು ಗೊತ್ತು? ಕುಳಿತು ಯೋಚಿಸಿದೆ. ಊಟದ ಡಬ್ಬಿಯಲ್ಲಿ ಶೇಂಗಾ ಚಟ್ನಿ ತರುತ್ತಾಳೆ. ಎಸಿ ಗಾಳಿಗೆ ಸೀನುತ್ತಾಳೆ. ಮುಂದೆ? ಮುಂದೆ ಏನೂ ಇಲ್ಲ! ವರ್ಷಗಟ್ಟಲೆ ಮೊಣಕೈಗೆ ಮೊಣಕೈ ತಾಗುವಂತೆ ಕುಳಿತವಳ ಬಗ್ಗೆ ನನ್ನ ಜ್ಞಾನ ಚಟ್ನಿಗೆ ಮುಗಿದುಹೋಗಿತ್ತು.

ನಮ್ಮ ಕಚೇರಿಯ ಅಟೆಂಡರ್ ಹುಸೇನಪ್ಪನವರನ್ನು ಕೇಳಿದೆ. "ಸುಮಂಗಲಾ ಭಾನುವಾರ ಮನೆಯಲ್ಲಿ ಸಿಗುತ್ತಾರೆಯೇ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಭಾನುವಾರ ಮನ್ಯಾಗ ಎಲ್ಲಿ ಸಿಕ್ತಾರ್ರಿ ಅವ್ರು? ಈ ವಾರ ವಡ್ಡಿನಾಗ ಅದಾರ. ಊರ ಹೊರಗಿನ ಗ್ರೌಂಡಿಗೆ ಹೋಗ್ರಿ. ಜಲ್ದಿ ಹೋಗ್ರಿ ಮತ್ತ, ತಡ ಆದ್ರ ಜಾಗ ಸಿಗಂಗಿಲ್ಲ."

ಯಾವುದಕ್ಕೆ ಜಾಗ? ಕೇಳಲು ಸಂಕೋಚವಾಯಿತು. ಹೋದೆ.

ವಡ್ಡು ಗೊತ್ತಲ್ಲ, ಸಂಡೂರು ತಾಲೂಕಿನ ಊರು, ಉಕ್ಕಿನ ಕಾರ್ಖಾನೆಯ ಕಡೆಯದು. ಮೈದಾನದ ಸುತ್ತ ಜನವೋ ಜನ. ಟ್ರ್ಯಾಕ್ಟರ್ ಟ್ರೇಲರಿನ ಮೇಲೆಲ್ಲ ಗಂಡಸರು. ನಡುವೆ ಕಬಡ್ಡಿ ಅಂಕಣ. ಕಾರ್ಖಾನೆಯಲ್ಲಿ ದುಡಿಯುವ ಆಳೆತ್ತರದ ಹುಡುಗರ ತಂಡಗಳು. ಅವರ ಮಧ್ಯೆ, ಕಪ್ಪು ಪ್ಯಾಂಟು, ಬಿಳಿ ಟೀ ಶರ್ಟು, ಕೊರಳಲ್ಲಿ ಸೀಟಿ...

ಸುಮಂಗಲಾ!

ದಾಳಿಗೆ ಹೋದ ಒಬ್ಬ ಹುಡುಗ ಎದುರಾಳಿಯನ್ನು ಮುಟ್ಟಿ ಓಡಿಬಂದು ಎರಡೂ ಕೈ ಎತ್ತಿದ. ಆಕೆ ಸೀಟಿ ಊದಿದಳು. ಕಿವಿ ಮುಚ್ಚಿಕೊಳ್ಳಬೇಕು, ಅಂಥ ಸೀಟಿ.

"ಔಟ್! ಕಾಲು ಗೆರಿ ದಾಟೈತಿ. ನಡಿ ಹೊರಗ!"

"ಮೇಡಂ, ದಾಟಿಲ್ರಿ! ದೇವ್ರಾಣಿ ದಾಟಿಲ್ಲ!"

"ದೇವ್ರನ್ನ ಯಾಕ ಎಳಕಂಡ್ ಬರ್ತಿ ಲೇ? ಅವನೇನು ಗೆರಿ ಮ್ಯಾಲ ಕುಂತಿದ್ನೇನು? ನಾನು ನಿಂತಿದ್ದೆ. ನಡಿ!"

ಜನ ಹೋ ಎಂದು ನಕ್ಕರು. ಹುಡುಗ ಇನ್ನೂ ಗೊಣಗಿದ. ಆಕೆ ಜೇಬಿನಿಂದ ಹಸಿರು ಕಾರ್ಡು ತೆಗೆದು ಅವನ ಮೂಗಿನ ಮುಂದೆ ಹಿಡಿದಳು. ಎಚ್ಚರಿಕೆಯ ಕಾರ್ಡಂತೆ. ಕುರಿಯಂತೆ ಹೊರಗೆ ಹೋದ.

ತೆರೆದ ನನ್ನ ಬಾಯಿ ಮುಚ್ಚಲಿಲ್ಲ. ಚಾಲಕರಿಗೆ ಫೋನಿನಲ್ಲಿ ಕೇಳಿಸದ ದನಿ ಇದೇನಾ? ಆ ದನಿಯನ್ನು ಆಕೆ ವಾರವಿಡೀ ಎಲ್ಲಿ ಇಟ್ಟುಕೊಂಡಿರುತ್ತಾಳೆ?

ಬಿಡುವಿನಲ್ಲಿ ನನ್ನನ್ನು ಕಂಡು ಓಡಿಬಂದಳು. "ಅಯ್ಯ ಮೇಡಂ! ನೀವು! ಇಲ್ಲಿ! ಬರ್ರಿ, ಕುಂದ್ರಿ ಬರ್ರಿ." ಯಾರನ್ನೋ ಕುರ್ಚಿಯಿಂದ ಎಬ್ಬಿಸಿ ನನ್ನನ್ನು ಕೂರಿಸಿದಳು. ಬೈಕಿನ ಪಕ್ಕ ನಿಂತಿದ್ದವರನ್ನು ತೋರಿಸಿ, "ನಮ್ಮಣ್ಣ. ಕುರೆಕುಪ್ಪದಾಗಿರ್ತಾನ. ಅವನ್ದೂ ಇದss ಹುಚ್ಚು, ಅವನೂ ರೆಫ್ರೀ" ಎಂದಳು.

ಬೈಕಿನ ಗುಟ್ಟು ಇಷ್ಟೇ!

"ಮದುವೆಯ ಮಾತು ಏನಾಯಿತು?" ಎಂದು ಕೇಳಿದೆ.

ಆಕೆ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಅವ್ರ ಕಡೆಯಿಂದ ಸುದ್ದೀನೇ ಇಲ್ರಿ. ಹುಡುಗ ಭಾಳ ಚಲೋ ಇದ್ದ ಮೇಡಂ. ನಾನು ಹಿಂಗ ಸೀಟಿ ಊದಾಕ ಹೋಗ್ತೀನಿ ಅಂತ ಮೊದಲss ಹೇಳಿದೆ. ನಕ್ಕ. ನಮ್ಮ ಮನ್ಯಾಗ ಒದರಾಡೋರು ಭಾಳ ಅದಾರ, ಅಲ್ಲೂ ಊದ್ರಿ ಅಂದ." ಹೇಳುತ್ತ ತಾನೂ ನಕ್ಕಳು. ಆಮೇಲೆ ಬೇರೆ ಕಡೆ ನೋಡಿದಳು. "ಏನಾತೋ ಗೊತ್ತಿಲ್ರಿ."

ನನಗೆ ಗೊತ್ತಿತ್ತು. ಅಲ್ಲಿಯೇ ಹೇಳಬೇಕಿತ್ತು. ಅಷ್ಟರಲ್ಲಿ ಮೈದಾನದಿಂದ ಕರೆ ಬಂತು, ಆಕೆ ಓಡಿದಳು. ಮೊದಲು ಸರಿಪಡಿಸಿ ಬರೋಣ, ಆಮೇಲೆ ಹೇಳೋಣ ಎಂದು ನಾನು ಅಲ್ಲಿಂದಲೇ ಬಸ್ ಹಿಡಿದೆ.

ಕಂಪ್ಲಿಯ ಅಕ್ಕಿ ಗಿರಣಿಯ ಹಿಂದಿನ ಮನೆ ಸುಲಭವಾಗಿ ಸಿಕ್ಕಿತು. ಆ ಹೆಂಗಸು ನನ್ನನ್ನು ಗುರುತಿಸಿ, ಒಳಗೆ ಕರೆದು, ಚಹಾ ಕೊಟ್ಟರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಬಹಳ ಒಳ್ಳೆಯ ಹುಡುಗಿ, ಧೈರ್ಯಸ್ಥೆ, ನ್ಯಾಯವಂತೆ. ಆ ಬೈಕು ಆಕೆಯ ಅಣ್ಣನದು. ಭಾನುವಾರ ಹೋಗುವುದು ಕಬಡ್ಡಿ ಪಂದ್ಯಕ್ಕೆ.

"ಗೊತ್ತೈತವ್ವ" ಎಂದರು.

"ಗೊತ್ತಿದೆಯೇ?"

"ಬೈಕು ಅಣ್ಣಂದು ಅಂತ ಗೊತ್ತಿತ್ತು. ಸೀಟಿ ಊದ್ತಾಳ ಅಂತಾನೂ ಗೊತ್ತಿತ್ತು. ಹುಡುಗೀನೇ ಹೇಳಿದ್ಲು."

"ಮತ್ತೆ ನನ್ನನ್ನೇಕೆ ಕೇಳಿದಿರಿ?"

"ವಿಚಾರಿಸೋದು ಅಂದ್ರ ಹಂಗss. ಗೊತ್ತಿದ್ದದ್ದನ್ನ ಕೇಳ್ಬೇಕು, ಹೇಳೋರ ಮುಖ ನೋಡ್ಬೇಕು. 'ಅಯ್ಯ, ಅವ್ರಣ್ಣನ ಬೈಕ್ರಿ ಅದು' ಅಂತ ನೀವು ನಕ್ಕಿದ್ರ ಅವತ್ತss ಮಾತು ಮುಗೀತಿತ್ತು. ನೀವು ಗಂಟು ಮುಖ ಹಾಕ್ಕಂಡು ಏನೇನೋ ಅಂದ್ರಿ. ಅಣ್ಣ ಅಂತ ಹೇಳ್ತಾಳ, ಬ್ಯಾರೆ ಯಾರರ ಇರಬೇಕು ಅಂತ ನಮ್ಮ ಮನಿಯವ್ರಿಗೆ ಅನಸ್ತು."

ಗೋಡೆಗೆ ಒರಗಿ ಕುಳಿತಿದ್ದ ಪತಿ ಇವತ್ತೂ ಕ್ಯಾಲೆಂಡರನ್ನೇ ನೋಡುತ್ತಿದ್ದರು.

"ಅವರು ನಿಜವಾಗಿಯೂ ಅಣ್ಣ. ನಾನು ಇವತ್ತು ಕಣ್ಣಾರೆ ನೋಡಿ ಬಂದೆ. ಅಂದು ನನಗೆ ಏನೂ ಗೊತ್ತಿರಲಿಲ್ಲ. ನಂಬಿ" ಎಂದೆ. ನನ್ನ ದನಿ ನನಗೇ ಸುಳ್ಳಿನಂತೆ ಕೇಳಿಸಿತು. ಯಾರೋ ಹೇಳಿಕೊಟ್ಟು ಕಳುಹಿಸಿದವಳ ದನಿ.

"ನಂಬಿದ್ರ ಈಗೇನು ಬಂತವ್ವ? ನಮ್ಮ ಹುಡುಗ ಊಟ ಬಿಟ್ಟು ಕುಂತಿದ್ದ. ಅವರಪ್ಪ ಕೇಳ್ಲಿಲ್ಲ. ಮೊನ್ನೆ ಗಂಗಾವತಿ ಕಡೀದು ಒಂದು ಹೆಣ್ಣು ಗೊತ್ತು ಮಾಡಿ ಬಂದ್ರು."

ಚಹಾದ ಲೋಟವನ್ನು ಕೆಳಗಿಟ್ಟೆ. ಕಚೇರಿಯಲ್ಲಿ ಅಷ್ಟೊಂದು ಜನರಿದ್ದಾರೆ. ಅಟೆಂಡರಿಗೆ ಎಲ್ಲವೂ ಗೊತ್ತಿತ್ತು. ಮ್ಯಾನೇಜರಿಗೂ ಗೊತ್ತಿತ್ತೆಂದು ಆಮೇಲೆ ತಿಳಿಯಿತು. ಅವರ ಮಗನೇ ಆ ಮೈದಾನದಲ್ಲಿ ಆಡುತ್ತಾನೆ. ಗೊತ್ತಿಲ್ಲದವಳು ಇಡೀ ಕಚೇರಿಯಲ್ಲಿ ನಾನೊಬ್ಬಳೇ. ಇವರು ಬಂದು ಕೇಳಿದ್ದು ನನ್ನನ್ನೇ!

"ಅಷ್ಟೆಲ್ಲ ಜನರಿರುವಾಗ ನನ್ನ ಬಳಿಗೇ ಏಕೆ ಬಂದಿರಿ?" ಎಂದೆ. ಅದರಲ್ಲಿ ಸ್ವಲ್ಪ ಸಿಟ್ಟೂ ಇತ್ತು.

ಆ ಹೆಂಗಸು ಆಶ್ಚರ್ಯದಿಂದ ನನ್ನನ್ನು ನೋಡಿದರು.

"ಹುಡುಗೀನೇ ಹೇಳಿದ್ಲಲ್ಲವ್ವ! ಆಫೀಸ್ನ್ಯಾಗ ನಿನ್ನ ಬಗ್ಗೆ ಯಾರನ್ನ ಕೇಳ್ಬೇಕು ಅಂದ್ವಿ. 'ನನ್ನ ಬಾಜೂ ಕುರ್ಚಿ ಅಕ್ಕಾರನ್ನ ಕೇಳ್ರಿ, ಅವ್ರಿಗೆ ನಾನಂದ್ರ ಎಲ್ಲಾ ಗೊತ್ತು' ಅಂದ್ಲು."

ಅಕ್ಕಾರು. ಮುಖದೆದುರು ಯಾವತ್ತೂ ನನ್ನನ್ನು ಹಾಗೆ ಕರೆದವಳಲ್ಲ.

ಸೋಮವಾರ ಆಕೆಗೆ ಎಲ್ಲವನ್ನೂ ಹೇಳಿದೆ. ಕಂಪ್ಲಿಯವರ ಪ್ರಶ್ನೆ, ನನ್ನ ಉತ್ತರ, ಗಂಗಾವತಿಯ ಸುದ್ದಿ. ಆಕೆ ಹೆಡ್‌ಫೋನ್ ತೆಗೆದಿಟ್ಟು ಪೂರ್ತಿ ಕೇಳಿದಳು. ಬೈಯಲಿ ಎಂದು ಕಾಯುತ್ತಿದ್ದೆ. ವಡ್ಡಿನ ಮೈದಾನದ ಆ ದನಿಯಲ್ಲಿ, ಕಚೇರಿಯೆಲ್ಲ ಎದ್ದು ನಿಲ್ಲುವಂತೆ ಬೈಯಲಿ. ಅದಕ್ಕೆ ನಾನು ಸಿದ್ಧಳಾಗಿ ಬಂದಿದ್ದೆ.

"ನೀವು ಸುಳ್ಳೇನೂ ಹೇಳಿಲ್ಲ ಬಿಡ್ರಿ ಮೇಡಂ" ಎಂದಳು. ಕಂಪ್ಯೂಟರಿನ ಕಡೆ ತಿರುಗಿ, "ನನ್ನ ಬಗ್ಗೆ ನಿಮಗ ಏನೂ ಗೊತ್ತಿಲ್ಲ ಅನ್ನೋದು ನನಗ ಗೊತ್ತಿರಲಿಲ್ರಿ" ಎಂದಳು.

ಅಷ್ಟರಲ್ಲಿ ಸಂಡೂರಿನಿಂದ ಯಾವುದೋ ಲಾರಿಯ ಚಾಲಕನ ಫೋನ್ ಬಂತು. ಆಕೆ ಮೆಲ್ಲಗೆ ಮಾತಾಡತೊಡಗಿದಳು.

ಇತರರ ಬದುಕಿನೊಳಗೆ ಇಣುಕಬಾರದೆಂಬ ಪಾಠವನ್ನು ನಾನು ಚೆನ್ನಾಗಿಯೇ ಕಲಿತಿದ್ದೆ, ಓದುಗರೇ. ಅವರು ತಾವಾಗಿಯೇ ಬಾಗಿಲು ತೆರೆದು, ನಾವು ಆಗಲೇ ಒಳಗೆ ಬಂದು ಕುಳಿತಿದ್ದೇವೆಂದು ಎಣಿಸಿಕೊಂಡಿದ್ದರೆ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ನಿಮ್ಮನ್ನು ತಮ್ಮವರೆಂದು ಯಾರು ಎಲ್ಲಿ ಹೇಳಿಕೊಂಡಿದ್ದಾರೋ, ನಿಮಗಾದರೂ ಗೊತ್ತೇ?