ಗೋಧಿ ಹಿಟ್ಟು ಮೆತ್ತಿದ ಮಡಕೆ

ಮುನಿಶಾಮಮ್ಮ ಸಾರಾಯಿ ಕಾಯಿಸುವುದನ್ನು ಕಲಿತದ್ದು ನಲವತ್ತು ದಾಟಿದ ಮೇಲೆ. ಅದರ ವಾಸನೆ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಆದರೂ ಕಲಿತಳು, ಬರೀ ಹಟಕ್ಕೆ. ಹಟ ಯಾರ ಮೇಲೆ ಎಂದರೆ, ಆಂಡರ್ಸನ್‌ಪೇಟೆಯ ಸಾರಾಯಿ ಕಂಟ್ರಾಕ್ಟರ್ ಕೋದಂಡಪ್ಪನ ಮೇಲೆ.

ಅವಳ ಗಂಡ ಆಂಜಿನಪ್ಪ ಬೇತಮಂಗಲದ ಕಡೆಯವನು, ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಕೆಲಸ. ಕೈ ಎಷ್ಟು ಗಟ್ಟಿಯೋ ಬಾಯಿ ಅಷ್ಟೇ ಸಡಿಲ. ಒಂದು ಸಂಜೆ ಕೋದಂಡಪ್ಪನ ಅಂಗಡಿಯ ಮುಂದೆ ನಿಂತು, ತಾನು ಕೊಂಡ ಸಾರಾಯಿಯನ್ನು ಚಪ್ಪಡಿಯ ಮೇಲೆ ಸುರಿದು ಬೆಂಕಿಕಡ್ಡಿ ಗೀರಿದ. ಸಾಚಾ ಸರಕಾದರೆ ಹತ್ತಿಕೊಂಡು ಉರಿಯಬೇಕು. ಮೂರು ಕಡ್ಡಿ ಗೀರಿದ, ಮೂರೂ ಚುಂಯ್ ಎಂದು ಆರಿದವು. ಸಾವ್ಕಾರರ ಬಾವಿಯ ನೀರು ಬಲು ಸಿಹಿ ಎಂದು ಆಂಜಿನಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. ಸಂಬಳದ ದಿನ, ಅಂಗಡಿ ತುಂಬ ಜನ. ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೋದಂಡಪ್ಪನೂ ನಕ್ಕ. ನಗುತ್ತಲೇ ಇವನ ಮುಖ ನೋಡಿಟ್ಟುಕೊಂಡ.

ಎಂಟು ದಿನ ಕಳೆಯಲಿಲ್ಲ, ಅಬಕಾರಿಯವರು ಬಂದು ಆಂಜಿನಪ್ಪನ ಮನೆಯ ಹಿಂದೆ ಸೌದೆ ಒಟ್ಟಿದ್ದಲ್ಲಿ ಕೈ ಹಾಕಿದರು. ಇಟ್ಟವರೇ ತೋರಿಸಿಕೊಟ್ಟಂತೆ ನೇರ ಅಲ್ಲಿಗೇ ಹೋದರು. ಒಂದರ ಮೇಲೊಂದು ಕೂರಿಸಿದ ಕಳ್ಳಭಟ್ಟಿ ಮಡಕೆಗಳು ಸಿಕ್ಕವು. ಆವಿ ಹೊರಗೆ ಹೋಗದ ಹಾಗೆ ಮಡಕೆಗಳ ಸಂದಿಗೆ ಹಿಟ್ಟು ಮೆತ್ತಿತ್ತು. ಮುನಿಶಾಮಮ್ಮ ಆ ಹಿಟ್ಟನ್ನು ಉಗುರಿನಿಂದ ಕೆರೆದು ನೋಡಿದಳು. ಬೆಳ್ಳಗಿತ್ತು. ಗೋಧಿ ಹಿಟ್ಟು. ಅವಳ ಮನೆಯಲ್ಲಿ ಮೂರು ಹೊತ್ತೂ ರಾಗಿ. ಹಬ್ಬಕ್ಕೆ ಒಂದು ಹಿಡಿ ಅಕ್ಕಿ ಕಂಡರೆ ದೊಡ್ಡದು, ಗೋಧಿಯನ್ನು ಅವಳು ಮನೆಯೊಳಗೆ ತಂದವಳೇ ಅಲ್ಲ. ಬಂಗಾರಪೇಟೆಯ ಕೋರ್ಟಿನಲ್ಲಿ ಅದನ್ನು ಹೇಳಹೋದರೆ, ಹೆಂಗಸರು ಅಡಿಗೆಮನೆ ಪುರಾಣ ತೆಗೆಯಬಾರದು ಎಂದು ಯಾರೋ ಗದರಿದರು. ಎದುರಿನ ಬೆಂಚಿನಲ್ಲಿ ಕೂತಿದ್ದ ಕೋದಂಡಪ್ಪ ಎಲೆಯಡಿಕೆ ಜಗಿಯುತ್ತಿದ್ದ.

ಆರು ತಿಂಗಳು ಸಜೆ ಮುಗಿಸಿ ಬಂದ ಆಂಜಿನಪ್ಪ ಮತ್ತೆ ಗಣಿಗೆ ಇಳಿಯಲಿಲ್ಲ. ಕೆಮ್ಮಿದರೆ ರಕ್ತ. ಸಂಕ್ರಾಂತಿಗೆ ಮುಂಚೆಯೇ ಹೋಗಿಬಿಟ್ಟ. ಹೋಗುವವರೆಗೂ ಒಂದೇ ಮಾತು: "ನಾನು ಕಾಯಿಸ್ಲಿಲ್ಲ ಕಣಮ್ಮಿ."

ಅವಳಿಗೆ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ. ಕಳ್ಳಭಟ್ಟಿಯವನ ಹೆಂಡತಿ ಎಂದು ನಲ್ಲಿಯ ಹತ್ತಿರ ಅವಳ ಬಿಂದಿಗೆಯನ್ನು ಹಿಂದಕ್ಕೆ ಸರಿಸುತ್ತಿದ್ದರು. ಒಂದು ದಿನ ಸರಿಸಿದ ಬಿಂದಿಗೆಯನ್ನು ಎತ್ತಿಕೊಂಡು ನೀರು ಹಿಡಿಯದೆ ಮನೆಗೆ ಬಂದಳು. ಆವತ್ತೇ ತೀರ್ಮಾನಿಸಿದಳು, ಕೋದಂಡಪ್ಪನೂ ಇಂಥದೇ ಮಡಕೆಯ ಮುಂದೆ ನಿಂತು ನಾನಲ್ಲ ನಾನಲ್ಲ ಎನ್ನಬೇಕು, ಅದನ್ನು ನೋಡದೆ ತಾನು ಸಾಯುವುದಿಲ್ಲ ಎಂದು.

ಏಳು ವರ್ಷ ಕಾದಳು. ಗಣಿಯ ಬಿಳಿ ದೊರೆಯೊಬ್ಬನ ಬಂಗಲೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಿದ್ದಳು. ಅಷ್ಟರಲ್ಲಿ ಯುದ್ಧ ಬಂತು, ಹಡಗು ನಿಂತವು, ಹಡಗಿನಲ್ಲಿ ಬರುತ್ತಿದ್ದ ಜಿನ್ ಬಾಟಲಿಯೂ ನಿಂತಿತು. ದೊರೆ ಸಂಜೆಯಾದರೆ ಬರೀ ಗ್ಲಾಸು ಹಿಡಿದು ವರಾಂಡದಲ್ಲಿ ಸಿಡಿಮಿಡಿ ಎನ್ನುತ್ತಿದ್ದ. ಬಟ್ಲರ್ ಆರುಮುಗಂ ಆರ್ಕಾಟಿನ ಕಡೆಯವನು, ಹರೆಯದಲ್ಲಿ ಸಾರಾಯಿ ಕಾಯಿಸಿದ್ದವನು. ಜಿನ್ ಎಂದರೆ ಬೇರೇನಲ್ಲ, ಒಳ್ಳೆ ಸಾರಾಯಿಯನ್ನು ಸಾಂಬಾರ ಪದಾರ್ಥದ ಜೊತೆ ಇನ್ನೊಂದು ಸಲ ಕಾಯಿಸುವುದು ಎಂದು ದೊರೆಯ ಬಾಯಿಂದಲೇ ಕೇಳಿದ್ದ. ತಾನೇ ಕಾಯಿಸಿಕೊಡಬಲ್ಲೆ, ಆದರೆ ಬೆನ್ನು ನೋವಿಗೆ ಬಗ್ಗಲಾರೆ, ಕೈಯಾಳು ಬೇಕು ಎಂದ. ಮುನಿಶಾಮಮ್ಮ ಎದ್ದು ನಿಂತಳು.

ಬಂಗಲೆಯ ಹಿಂದೆ ಸ್ನಾನದ ನೀರು ಕಾಯಿಸುವ ಒಲೆ. ಅಲ್ಲಿ ಹೊಗೆ ಎದ್ದರೆ ಯಾರೂ ಕೇಳರು, ದೊರೆಯ ಕಾಂಪೌಂಡಿಗೆ ಅಬಕಾರಿಯವರು ಕಾಲಿಡರು. ಬೆಲ್ಲದ ನೀರಿಗೆ ಜಾಲಿ ಚಕ್ಕೆ ಹಾಕಿ ಕೊಳೆಸಿದರು. ಮೊದಲ ಸಲ ಸಂದಿ ಸರಿಯಾಗಿ ಮೆತ್ತದೆ ಆವಿಯೆಲ್ಲ ಗಾಳಿಗೆ ಹೋಯಿತು. ಎರಡನೆಯ ಸಲ ಉರಿ ಜಾಸ್ತಿಯಾಗಿ ತಳ ಹತ್ತಿತು, ಸೀದ ನಾತಕ್ಕೆ ದೊರೆಯ ನಾಯಿ ಬೊಗಳಿತು. ಮೂರನೆಯ ಸಲ ತೊಟ್ಟಿಕ್ಕಿದ್ದೇ ತಡ, ರುಚಿ ನೋಡಲು ಬೆರಳು ಒಡ್ಡಿದಳು. ಆರುಮುಗಂ ಕೈಗೆ ಪಟ್ಟೆಂದು ಹೊಡೆದ. "ಮೊದಲು ಬರೋದು ಚೆಲ್ಲಬೇಕು ತಂಗಚ್ಚಿ. ಅದು ಕುಡಿದ್ರೆ ಕಣ್ಣು ಪೋಯಿಡುಂ, ಕುರುಡಾಗ್ತೀಯ."

ಜಿನ್ ಅದಕ್ಕಿಂತ ಕಷ್ಟ. ಊರಿಗೆ ಹೋದ ದೊರೆಸಾನಿ ಮಾಂಸದ ಅಡಿಗೆಗೆ ಇಟ್ಟಿದ್ದ ಡಬ್ಬಿಯಲ್ಲಿ ಕಡಲೆಯಷ್ಟು ದಪ್ಪದ ಕಪ್ಪು ಕಾಯಿಗಳಿದ್ದವು. ಜಿನ್ನಿಗೆ ಜೀವ ಅದೇ ಎಂದು ಆರುಮುಗಂ ಗುರುತಿಸಿದ. ಅದನ್ನು, ಕೊತ್ತಂಬರಿ ಬೀಜವನ್ನು, ನಿಂಬೆ ಸಿಪ್ಪೆಯನ್ನು ಮುನಿಶಾಮಮ್ಮ ಸಾರಾಯಿಯ ಜೊತೆಗೇ ಕುದಿಸಿದಳು. ಇಳಿದದ್ದರ ರುಚಿ ಥೇಟ್ ಸಾರಿನ ಹಾಗಿತ್ತು. ಆರುಮುಗಂ ಅನ್ನ ಎಲ್ಲಿ ಎಂದು ಕೇಳಿದ. ಆಮೇಲೆ ಬುದ್ಧಿ ಬಂದು, ಎಲ್ಲವನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಆವಿ ಹಾಯುವ ಕಡೆ ತೂಗುಹಾಕಿದಳು. ಆ ಸಲ ತಿಳಿನೀರಿನಂಥದು ಇಳಿಯಿತು. ದೊರೆ ಒಂದು ಗುಟುಕು ಕುಡಿದು, ಎಲ್ಲಿಂದ ಬಂತು ಎಂದು ಕೇಳದೆ ಗ್ಲಾಸು ಮುಂದಕ್ಕೆ ಚಾಚಿದ.

ಆ ಒಲೆಯಲ್ಲಿ ಅವಳು ಯಾವಾಗಲೂ ರಾಗಿ ಹಿಟ್ಟನ್ನೇ ಮೆತ್ತಿದಳು. ಗೋಧಿ ಹಿಟ್ಟು ಅಡಿಗೆಮನೆಯಲ್ಲೇ ಇದೆಯಲ್ಲ ಎಂದು ಆರುಮುಗಂ ಕೇಳಿದಾಗ, ಅದಕ್ಕೆ ಬೇರೆ ಮನೆ ಇದೆ ಎಂದಳು. ಆಗ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಆ ಜಿನ್ನಿನ ಒಂದು ಬಾಟಲಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ಕೋದಂಡಪ್ಪನ ಮನೆಗೆ ಹೋದ.

ಕೋದಂಡಪ್ಪ ಅದನ್ನು ನೆಲಕ್ಕೆ ಸುರಿದು ಕಡ್ಡಿ ಗೀರಿದ. ನೀಲಿಯಾಗಿ ಉರಿಯಿತು. ಇಂಥದು ಸಿಕ್ಕರೆ ಗಣಿಯ ದೊರೆಗಳೆಲ್ಲ ತನ್ನ ಮನೆ ಬಾಗಿಲಲ್ಲಿ ಎಂದು ಅವನ ಬಾಯಲ್ಲಿ ನೀರೂರಿತು. ಮಾಡಿದವಳನ್ನು ಕರೆಸಿದ. ಮುನಿಶಾಮಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಎದುರು ನಿಂತಳು, ಎಲ್ಲಿ ಗುರುತು ಹಿಡಿಯುತ್ತಾನೋ ಎಂದು. ಅವನು ಯಾರ ಪೈಕಿಯಮ್ಮ ನೀನು ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೆಲಸದ ಮಾತಿಗೆ ಬಂದ. ಮರೆತೇಬಿಟ್ಟಿದ್ದ. ಗಂಡನನ್ನು ಕೊಂದದ್ದಕ್ಕಿಂತ, ಕೊಂದದ್ದನ್ನು ಮರೆತದ್ದು ಅವಳಿಗೆ ಹೆಚ್ಚು ಉರಿಯಿತು.

ಬಂಗಲೆಯಲ್ಲಿ ನೀವು ಕೇಳುವಷ್ಟು ಆಗುವುದಿಲ್ಲ, ನಿಮ್ಮ ಹಿತ್ತಲಾದರೆ ಯಾರಿಗೂ ಅನುಮಾನ ಬಾರದು ಎಂದಳು. ಲೈಸೆನ್ಸಿನ ಅಂಗಡಿಯವನ ಮನೆಗೆ ಅಬಕಾರಿಯವರು ಊಟಕ್ಕೆ ಬರುತ್ತಾರೆಯೇ ಹೊರತು ಹುಡುಕುವುದಕ್ಕಲ್ಲ, ಅದು ಅವನಿಗೂ ಗೊತ್ತು. ಒಪ್ಪಿದ. ಮಡಕೆ ಅವನೇ ತರಿಸಿದ. ಒಲೆ ಹಚ್ಚುವ ದಿನ ಅವಳು ಕೇಳಿದ್ದು ಒಂದೇ. "ರಾಗಿ ಇಟ್ಟು ಬಿರುಕು ಬಿಡ್ತದೆ ಸಾವ್ಕಾರ್ರೇ. ಗೋದಿ ಇಟ್ಟು ಕಲಸಿ ಕೊಡಿ."

ರೇಷನ್ನಿನ ಕಾಲದಲ್ಲೂ ಆ ಮನೆಯಲ್ಲಿ ಗೋಧಿಗೆ ಬರವಿರಲಿಲ್ಲ. ಕೋದಂಡಪ್ಪನ ಹೆಂಡತಿ ಹಿತ್ತಾಳೆ ಬೇಸಿನ್ನಿನ ತುಂಬ ಕಲಸಿ ಕೊಟ್ಟಳು. ಮುನಿಶಾಮಮ್ಮ ಸಂದಿಗೆ ನಿಧಾನವಾಗಿ ಮೆತ್ತಿದಳು, ಮಗುವಿನ ಕೆನ್ನೆಗೆ ಎಣ್ಣೆ ಹಚ್ಚುವವಳ ಹಾಗೆ. ಮಧ್ಯಾಹ್ನದ ಹೊತ್ತಿಗೆ, ಆರುಮುಗಂ ಮುಟ್ಟಿಸಿದ ಸುದ್ದಿ ಹಿಡಿದು ಹೊಸದಾಗಿ ಬಂದಿದ್ದ ಅಬಕಾರಿ ಇನ್ಸ್‌ಪೆಕ್ಟರ್ ಹಿತ್ತಲ ಬಾಗಿಲಿಂದಲೇ ಒಳಗೆ ಬಂದ. ಅವನು ಇನ್ನೂ ಆ ಮನೆಯಲ್ಲಿ ಊಟ ಮಾಡಿರಲಿಲ್ಲ.

ಮಡಕೆ ಬಿಸಿ ಇತ್ತು. ಕೋದಂಡಪ್ಪ ಮೊದಲು ನಕ್ಕ, ಆಮೇಲೆ ಬೆವೆತ. ಇದು ತನ್ನದಲ್ಲ, ಈ ಹೆಂಗಸು ತಂದಿಟ್ಟು ತನ್ನನ್ನು ಸಿಕ್ಕಿಸುತ್ತಿದ್ದಾಳೆ ಎಂದ. ಏಳು ವರ್ಷದಿಂದ ಅವಳು ಕೇಳಬೇಕೆಂದಿದ್ದ ಮಾತು ಅದೇ. ಕಿವಿ ತುಂಬ ಕೇಳಿಸಿಕೊಂಡಳು. ಓಡಿಹೋಗಲು ಬಾಗಿಲು ತೆರೆದೇ ಇತ್ತು, ಒಲೆಯ ಮುಂದಿಂದ ಏಳಲಿಲ್ಲ.

"ಮೆತ್ತಿರೋ ಇಟ್ಟು ನೋಡಿ ಸ್ವಾಮಿ," ಎಂದಳು. "ಗೋದಿ. ಮಿಕ್ಕಿದ್ದು ಇವರ ಅಡಿಗೆಮನೆ ಬೇಸಿನ್ನಲ್ಲೈತೆ. ನಮ್ಮಂಥೋರ ಮನೇಲಿ ರಾಗಿ ಬಿಟ್ರೆ ಇನ್ನೊಂದಿರಲ್ಲ."

ಪೇದೆ ಒಳಗಿಂದ ಬೇಸಿನ್ ಹೊತ್ತು ತಂದ. ಕೋದಂಡಪ್ಪ ಅವಳ ಕಡೆ ತಿರುಗಿದ, ಮೊದಲ ಸಲ ಮುಖ ನೋಡಿದ. ಯಾರು ನೀನು ಎಂದು ಕೇಳಿದ.

ಗಂಡನ ಹೆಸರನ್ನು ಹೆಂಡತಿ ನಾಲಿಗೆಯ ಮೇಲೆ ತರಬಾರದು. ಅವನು ಬದುಕಿದ್ದಾಗಲೂ ಸತ್ತ ಮೇಲೂ, ಕೋರ್ಟಿನಲ್ಲಿ ಕೇಳಿದಾಗಲೂ, ಮುನಿಶಾಮಮ್ಮ ಹೇಳಿದವಳಲ್ಲ. ಈಗ ಬೀದಿಗೆ ಕೇಳುವಂತೆ ಹೇಳಿದಳು. "ಆಂಜಿನಪ್ಪನ ಹೆಂಡ್ತಿ."

ಅವನ ಲೈಸೆನ್ಸು ಹೋಯಿತು, ಒಂದು ವರ್ಷ ಸಜೆಯಾಯಿತು. ಅವಳಿಗೆ ಮೂರು ತಿಂಗಳು. ಜೈಲಿನ ಬಾಗಿಲಲ್ಲಿ ಗುಮಾಸ್ತ ಪುಸ್ತಕ ಬಿಡಿಸಿ, ಏನು ಮಾಡಿ ಬಂದೆ ಎಂದು ತಲೆ ಎತ್ತದೆ ಕೇಳಿದ.

"ಸಾರಾಯಿ ಕಾಯಿಸ್ದೆ," ಎಂದಳು. "ನನ್ನ ಗಂಡ ಕಾಯಿಸಿರ್ಲಿಲ್ಲ. ಎರಡೂ ಬರ್ಕಳಿ."