ಕುಳಿತವರ ಕಣ್ಣಿನ ಎತ್ತರ

ತಿಳಿಯದೆ ಮಾಡಿದ ತಪ್ಪಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕುಳಿತ ಮನುಷ್ಯರಿಗೆ ಕಿಟಕಿ ಎಷ್ಟು ಎತ್ತರದಲ್ಲಿರಬೇಕೆಂದು 1981ರಲ್ಲಿ ರಾಯಚೂರಿನಲ್ಲಿ ಕಲಿತೆ. ಅದೇ ವರ್ಷ ದೇವದುರ್ಗದ ನಮ್ಮ ಮನೆಯಲ್ಲಿ, ಎದ್ದು ನಿಲ್ಲಲಾಗದ ಅಕ್ಕನಿಗೆ, ಓಣಿ ಕಾಣದಂಥ ಕಿಟಕಿ ಇಟ್ಟೆ.

ನಾನು ಗೌಂಡಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ತಂದೆ-ತಾಯಿ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ ಹನುಮವ್ವ. ನಾನು ಗೋಡೆ ಕಟ್ಟಿದರೆ ಅವಳು ಗಾರೆ ಹೊತ್ತು ಕೊಡುತ್ತಿದ್ದಳು. ಮಾನ್ವಿಯಲ್ಲಿ ಒಂದು ಮನೆ ಕಟ್ಟುವಾಗ ಬೊಂಬು ಜಾರಿ ಮೇಲಿನಿಂದ ಬಿದ್ದಳು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅಲ್ಲಿಂದ ಓಣಿ ಕಡೆಯ ಕೋಣೆಯಲ್ಲಿನ ಹೊರಸೇ, ಆ ಹಗ್ಗದ ಮಂಚವೇ, ಅವಳ ಊರಾಯಿತು. ನಾಲ್ಕೂ ಕಡೆ ಕಲ್ಲುಗೋಡೆ, ಮೇಲೆ ಮಾಳಿಗೆಗೊಂದು ಬೆಳಕಿಂಡಿ. ಮಧ್ಯಾಹ್ನ ಅದರಿಂದ ರೊಟ್ಟಿಯಗಲದ ಬಿಸಿಲು ನೆಲಕ್ಕಿಳಿದು, ನಿಧಾನ ಗೋಡೆ ಹತ್ತಿ ಹೋಗುತ್ತಿತ್ತು. ಅಕ್ಕ ಅದನ್ನೇ ನೋಡುತ್ತ ಕೂಡುತ್ತಿದ್ದಳು.

"ಊರ ಮಂದಿಗೆಲ್ಲ ಕಿಡಕಿ ಇಡ್ತಿ. ನಿಮ್ಮಕ್ಕಗ ಒಂದ ಇಡಾಕ ಕೈ ನೋಯ್ತಾವನಲೇ?" ಎಂದು ಕೆಣಕುತ್ತಿದ್ದಳು.

ಆ ವರ್ಷ ರಾಯಚೂರಿನ ಅಕ್ಕಿ ಗಿರಣಿ ಸಾಹುಕಾರರೊಬ್ಬರು ಮನೆಯ ಹಿಂದೆ ತೋಟ ಮಾಡಿಸಿದರು. ಅವರ ಅಳಿಯ ಎಂಜಿನಿಯರ್. ಚೀನಾ ದೇಶದ ತೋಟಗಳ ಪದ್ಧತಿ ಓದಿಕೊಂಡಿದ್ದರು. ತೋಟದ ನಡುವೆ ಗೋಡೆ, ಗೋಡೆಯಲ್ಲಿ ಆಳೆತ್ತರಕ್ಕಿಂತ ದೊಡ್ಡದಾದ ಪೂರ್ತಿ ದುಂಡನೆಯ ಬಾಗಿಲು. ಅದಕ್ಕೆ ಕದವಿಲ್ಲ. ಅರ್ಧ ಕಮಾನು ಕಟ್ಟಿ ಗೊತ್ತಿದ್ದ ನಮಗೆ ಪೂರ್ತಿ ದುಂಡು ಹೊಸದು. ಕಟ್ಟಿಗೆಯ ಚಕ್ರ ಮಾಡಿ ನಿಲ್ಲಿಸಿ, ಅದರ ಸುತ್ತ ಇಟ್ಟಿಗೆ ಜೋಡಿಸಿದೆವು.

"ಇದು ಬಾಗಲೇನ್ರೀ, ಬಾವಿ ಎತ್ತಿ ನಿಲ್ಸೀರೇನು?" ಎಂದರು ನಮ್ಮ ಮೇಸ್ತ್ರಿ.

ಎಂಜಿನಿಯರ್ ನಕ್ಕರು. "ತೋಟ ಒಮ್ಮಿಗೇ ಕಾಣಬಾರ್ದು ಮೇಸ್ತ್ರಿ. ಈ ಬಾಗಲದಾಗ ಒಂದು ಗಿಡ, ಆ ಕಿಡಕ್ಯಾಗ ಒಂದು ಕಲ್ಲು. ಪಟಕ್ಕ ಕಟ್ಟು ಹಾಕಿದಂಗ ಇರಬೇಕು."

ತೋಟಕ್ಕೆ ತೆರೆಯುವ ಪಡಸಾಲೆಯ ಕಿಟಕಿಯ ಕೆಲಸ ಬಂದಾಗ ನಾನು ನನ್ನ ಎದೆಯ ಮಟ್ಟಕ್ಕೆ ಗುರುತು ಹಾಕಿದ್ದೆ. ನಿಂತು ಕೆಲಸ ಮಾಡುವವರು ನಾವು. ನಮ್ಮ ಕಣ್ಣಿಗೆ ಸರಿ ಕಂಡದ್ದೇ ಅಳತೆ. ಎಂಜಿನಿಯರ್ ಅದನ್ನು ಅಳಿಸಿದರು. ಸಾಹುಕಾರರ ಮೊಣಕಾಲು ನೋವಿನ ತಾಯಿಯನ್ನು ಕುರ್ಚಿಯಲ್ಲಿ ಕೂಡಿಸಿ, ಅವರ ಕಣ್ಣಿಗೆ ಟೇಪು ಹಿಡಿದು ಹೊಸ ಗುರುತು ಹಾಕಿಸಿದರು. ಕಿಟಕಿ ಮುಗಿದ ದಿನ ಆ ಮುದುಕಿ ಅಲ್ಲೇ ಕುಳಿತು, "ಬಿದಿರು ಕಾಣಾಕತ್ತದ ಯಪ್ಪಾ. ಗೋಡಿನೇ ಹ್ವಾದಂಗಾತು," ಎಂದರು.

ಮರುವಾರ ಊರಿಗೆ ಹೋದವನೇ ಅಕ್ಕನನ್ನು ಗೋಡೆಗೆ ಮುಖಮಾಡಿ ಕೂಡಿಸಿ, ಅವಳ ಕಣ್ಣಿನ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆದೆ. ಅವಳು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಸಂಜೆ ಸೋದರಮಾವ ಬಂದ. ನನಗೆ ಮಾನ್ವಿಯಲ್ಲಿ ಹೆಣ್ಣು ನೋಡಿದ್ದ. ಗೆರೆ ಕಂಡು ನನ್ನನ್ನು ಹೊರಗೆ ಕರೆದ. "ಬರೋ ವಾರ ಬೀಗರು ಮನಿ ನೋಡಾಕ ಬರ್ತಾರ. ಓಣ್ಯಾಗ ಕಾಲಿಡಾದ್ರಾಗ ಇಕಿ ಮಾರಿ ಕಾಣಬೇಕೇನು? ಜೀವನಪೂರ್ತಿ ಇಕಿ ಚಾಕರಿ ಮಾಡಾಕ ಯಾರು ಹೆಣ್ಣ ಕೊಡ್ತಾರಲೇ?"

ಮಾವ ಹೇಳಿದ್ದು ಅಷ್ಟೇ. ಕೈ ನನ್ನದು. ಗೆರೆಗಿಂತ ಬಹಳ ಮೇಲೆ, ನಿಂತವರ ಮಟ್ಟಕ್ಕೆ ಗೋಡೆ ಒಡೆದೆ. ಸರಳು ಕೂಡಿಸಿ, ಇದ್ದಿಲ ಗೆರೆಯ ಮೇಲೆ ಸುಣ್ಣ ಬಳಿದೆ. ಅಕ್ಕ ಹೊರಸಿನಲ್ಲಿ ಕುಳಿತು ಬಹಳ ಹೊತ್ತು ಮೇಲೆ ನೋಡಿದಳು.

"ಮುಗಿಲು ಚೊಲೊ ಕಾಣ್ತದ ತಮ್ಮಾ," ಎಂದಳು.

ಬೀಗರು ಬಂದಾಗ ಆ ಕೋಣೆಯ ಬಾಗಿಲು ಎಳೆದುಕೊಂಡೆ. ಮದುವೆಯಾಯಿತು. ಕಿಟಕಿ ಇಳಿಸಬೇಕು ಅಂದುಕೊಳ್ಳುತ್ತಲೇ ಇದ್ದೆ. ಇಳಿಸಿದರೆ ಏಕೆ ಏರಿಸಿದ್ದೆ ಎಂದು ಹೇಳಬೇಕಾಗುತ್ತಿತ್ತು. ಅದಕ್ಕೇ ವರ್ಷಗಳು ಹೋದವು. ಕೆಲಸ ರಾಯಚೂರಿನಲ್ಲಿ, ಹದಿನೈದು ದಿನಕ್ಕೊಮ್ಮೆ ಊರು.

1986ರಲ್ಲಿ ಒಮ್ಮೆ ಸಿಮೆಂಟು ಬಾರದೆ ಕೆಲಸ ನಿಂತಿತು. ಹೇಳದೆ ಕೇಳದೆ ಮಧ್ಯಾಹ್ನದ ಬಸ್ಸಿಗೆ ದೇವದುರ್ಗಕ್ಕೆ ಬಂದೆ. ಓಣಿಗೆ ತಿರುಗಿದಾಗ ನಮ್ಮ ಕಿಟಕಿಯಲ್ಲಿ ಏನೋ ಮಿಂಚಿತು. ಸರಳುಗಳ ಮೇಲ್ತುದಿಗೆ ಮುಖ ನೋಡುವ ಕನ್ನಡಿಯೊಂದನ್ನು ಕೆಳಮುಖವಾಗಿ ಕಟ್ಟಿದ್ದರು. ಹತ್ತಿರ ಹೋಗಿ ಕತ್ತೆತ್ತಿದರೆ ಅದರೊಳಗೆ ಅಕ್ಕನ ಎರಡು ಕಣ್ಣು, ತಲೆಕೆಳಗಾಗಿ. ಅವು ನನ್ನನ್ನು ಕಂಡು ತಟ್ಟನೆ ಕೆಳಗಾದವು.

ಒಳಗೆ ಹೋದಾಗ ಹೆಂಡತಿ ಗಂಗಮ್ಮ ಕನ್ನಡಿ ಬಿಚ್ಚುತ್ತಿದ್ದಳು.

"ಎಷ್ಟು ದಿನದಿಂದ ಕಟ್ಟಾಕತ್ತಿ?"

"ನಾ ಬಂದ ವರ್ಷದಿಂದ. ನೀವು ಬರೋ ದಿನ ಬಿಚ್ಚಿಡು ಅಂತಿದ್ಲು ಅಕ್ಕ. ತಮ್ಮ ಸಣ್ಣ ಮಾರಿ ಮಾಡ್ಕೋತಾನ ಅಂತ." ಕನ್ನಡಿಯನ್ನು ಸೆರಗಿನಲ್ಲಿ ಒರೆಸುತ್ತ ಹೇಳಿದಳು, "ಅಕ್ಕ ಬಿದ್ದದ್ದು ನಮ್ಮೂರು ಮಾನ್ವ್ಯಾಗ ಅಲ್ಲೇನ್ರೀ? ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟಾರ."

ಇಷ್ಟು ವರ್ಷ ಅಕ್ಕ ಓಣಿಯನ್ನು ತಲೆಕೆಳಗಾಗಿ ನೋಡಿದ್ದಳು, ಅದೂ ನಾನಿಲ್ಲದಾಗ ಮಾತ್ರ. ನಮ್ಮ ಕಸುಬಿನಲ್ಲಿ ದಾರಕ್ಕೆ ಕಟ್ಟಿದ ತೂಗುಗುಂಡು ಹಿಡಿದರೆ ಗೋಡೆಯ ಓರೆ ಗೊತ್ತಾಗುತ್ತದೆ. ಕಿಟಕಿಯ ಓರೆ ಹಾಗೆ ಗೊತ್ತಾಗುವುದಿಲ್ಲ. ಅದರ ಮುಂದೆ ಯಾರು ಕೂಡುತ್ತಾರೋ ಅವರ ಜಾಗದಲ್ಲಿ ಕುಳಿತೇ ನೋಡಬೇಕು. ಇಷ್ಟು ಕಲಿಯಲು ನನಗೆ ರಾಯಚೂರಿನ ತೋಟ ಸಾಲಲಿಲ್ಲ.

ಚೀಲದಿಂದ ಉಳಿ, ಸುತ್ತಿಗೆ ತೆಗೆದೆ. ಮೊದಲು ಹೊರಸಿನ ಮೇಲೆ ಅಕ್ಕನ ಪಕ್ಕ ಕುಳಿತೆ. ಎದುರಿಗೆ ಬರೀ ಸುಣ್ಣದ ಗೋಡೆ.

"ಅಕ್ಕಾ, ನಿನ್ನ ಕಣ್ಣು ಎಲ್ಲಿಗಿ ಬರ್ತದ ಅಂತ ನನಗ ಗೊತ್ತಿತ್ತು," ಎಂದೆ. "ಮಂದಿ ನಿನ್ನ ನೋಡಬಾರ್ದು ಅಂತ ಮ್ಯಾಲಿಟ್ಟೆ. ನಿನ್ನ ಕಂಡ್ರ ನನಗ ನಾಚಿಕಿ ಆಗ್ತಿತ್ತು. ತಪ್ಪಾತು ಯಕ್ಕಾ."