ಸುಣ್ಣ ಹತ್ತಿದ ಕಲ್ಲು

ಬೆಳಿಗ್ಗೆ ಎಂಟಕ್ಕೆ ಸ್ವಲ್ಪ ಮುಂಚೆ ನಮ್ಮ ಮನೆಯ ಮುಂದೆ ಒಂದು ಮೋಟಾರ್ ಸೈಕಲ್ ಹಾದುಹೋಗುತ್ತದೆ. ಅದು ನನ್ನ ತಂಗಿಯದು. ಅವಳು ನಮ್ಮ ಭಾಗದ ಹಳ್ಳಿಗಳಿಗೆ ಸೂಜಿ ಮಾಡುವ ನರ್ಸು. ಶಹಾಪುರದಿಂದ ಲಸಿಕೆಯ ನೀಲಿ ಪೆಟ್ಟಿಗೆ ತಂದು, ಹಿಂದಿನ ಸೀಟಿಗೆ ರಬ್ಬರ್ ಪಟ್ಟಿಯಿಂದ ಬಿಗಿದು, ಸಗರದ ಸುತ್ತಿನ ಊರುಗಳಿಗೆಲ್ಲ ಹೋಗಿಬರುತ್ತಾಳೆ. ಕೆಲಸ ಬಿದ್ದರೆ ಸುರಪುರ, ಮೀಟಿಂಗ್ ಇದ್ದರೆ ಯಾದಗಿರಿ. ಈ ಊರುಗಳಲ್ಲಿ ಜನ ನನ್ನನ್ನು ‘ನರ್ಸಬಾಯಿ ಅಣ್ಣ’ ಎಂದು ಗುರುತಿಸುತ್ತಾರೆ. ಗಂಡಸೊಬ್ಬ ತಂಗಿಯಿಂದ ಗುರುತಾಗುವುದು ನಮ್ಮ ಕಡೆ ಅಪರೂಪ. ನನಗೆ ಅದು ಹಿಗ್ಗು. ಆ ಹಿಗ್ಗಿನ ಕೆಳಗೆ ಒಂದು ಕಲ್ಲು ಇದೆ. ಅದರ ವಿಷಯವನ್ನೇ ಬರೆಯಬೇಕೆಂದು ಕೂತಿದ್ದೇನೆ.

ನಮ್ಮ ಹೊಲಕ್ಕೆ ಕಾಲುವೆ ನೀರು ಬಂದ ವರ್ಷ ನಾನು ಐದನೇ ಇಯತ್ತೆಯಲ್ಲಿದ್ದೆ. ನೀರು ಕಟ್ಟಲು ಮನೆಯಲ್ಲಿ ಇನ್ನೊಂದು ಕೈ ಬೇಕಾಯಿತು. ನಾನು ಶಾಲೆ ಬಿಟ್ಟೆ. ತಂಗಿ ಆಗ ತೊಟ್ಟಿಲಲ್ಲಿದ್ದಳು. ಅವಳ ಪಾಲಿಗೆ ಶಾಲೆ ಉಳಿಯಿತು, ನರ್ಸಿಂಗ್ ಆಯಿತು, ಕೆಲಸವೂ ಸಿಕ್ಕಿತು. ಹಳ್ಳಿಯಿಂದ ಹಳ್ಳಿಗೆ ಬಸ್ಸು ಕಾಯುತ್ತ ನಿಂತರೆ ಪೆಟ್ಟಿಗೆಯೊಳಗಿನ ಬರ್ಫ ಕರಗುತ್ತದೆ ಎಂದು ಗಾಡಿ ಕಲಿಸು ಅಂದಳು. ಕಾಲುವೆಯ ಏರಿಯ ಮೇಲೆ ಒಂದು ಕಚ್ಚಾ ದಾರಿ ಇದೆ. ಅಲ್ಲೇ ಕಲಿಸಿದೆ. ನಾಲ್ಕನೆಯ ದಿನಕ್ಕೆ ನನ್ನನ್ನು ಹಿಂದೆ ಕೂರಿಸಿಕೊಂಡು ತೂಬಿನ ತನಕ ಹೋಗಿಬಂದಳು.

ಹಳೆಯ ಗಾಡಿಯೊಂದನ್ನು ತಂದ ದಿನ, ನಮ್ಮ ಕಡೆ ಎಲ್ಲರೂ ಮಾಡುವಂತೆ, ಮೊದಲು ಅದರ ಎರಡೂ ಕನ್ನಡಿ ಬಿಚ್ಚಿಟ್ಟೆ. ಮರುದಿನ ಅವಳು ನಟ್ಟು ತಿರುವುವ ಪಾನಾ ಹಿಡಿದು ನಿಂತಿದ್ದಳು.

“ಕನ್ನಡಿ ಯಾಕ ಬಿಚ್ಚಿದಿ ಅಣ್ಣಾ?”

“ಕನ್ನಡಿ ಇದ್ರ ಮುದಿ ಮಾಸ್ತರ ಗಾಡಿ ಇದ್ದಂಗ ಇರ್ತದ.”

“ಇರ್ಲಿ. ನನ್ನ ಹಿಂದ ಯಾರು ಬರಾಕತ್ತಾರ ಅಂತ ನನಗ ಗೊತ್ತಾಗ್ಬೇಕು.”

ತಾನೇ ತಿರುವಿ ಕೂಡಿಸಿದಳು. ಹೆಲ್ಮೆಟ್ ತಂದಾಗಲೂ ಹಾಗೆಯೇ. ಊರಲ್ಲಿ ಯಾರ ತಲೆಯ ಮೇಲೂ ಅದು ಇರಲಿಲ್ಲ. ಚಾ ಅಂಗಡಿಯ ಮುಂದೆ ಕೂತ ಹಿರಿಯರೊಬ್ಬರು ಕೇಳಿಯೇಬಿಟ್ಟರು: “ಏನ್ರಿ ನರ್ಸಬಾಯಿ, ಗಡಿಗಿ ಬೋರಲ ಹಾಕ್ಕೊಂಡು ಎಲ್ಲಿಗಿ ಹೊಂಟ್ರಿ?”

“ನಿಮ್ಮ ಮೊಮ್ಮಗಗ ಸೂಜಿ ಮಾಡಾಕ್ರಿ ಕಾಕಾ. ದೊಡ್ಡ ಸೂಜೀನೂ ಅದಾವ, ನಿಮಗೂ ಒಂದು ಹಾಕ್ಲೇನು?”

ಎಲ್ಲರೂ ನಕ್ಕರು. ಗಡಿಗೆಯ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಒಮ್ಮೆ ಅವಳ ಹಿಂದೆ ಕೂತು ಶಹಾಪುರಕ್ಕೆ ಹೋದೆ. ಬಸ್ ನಿಲ್ದಾಣದ ಹತ್ತಿರ ಹತ್ತಿ ತುಂಬಿದ ಟ್ರ್ಯಾಕ್ಟರು ರಸ್ತೆಯ ಅಗಲಕ್ಕೂ ಉಬ್ಬಿಕೊಂಡು ಹೋಗುತ್ತಿತ್ತು. ಅದರ ಪಕ್ಕದಲ್ಲಿ ಬಸ್ಸು, ನಡುವೆ ಒಂದು ಗಾಡಿ ನುಸುಳುವಷ್ಟು ಸಂದು. ನಾನಾದರೆ ನುಗ್ಗಿಸಿಬಿಡುತ್ತಿದ್ದೆ. ಅವಳು ಹಿಂದೆ ಹತ್ತು ಮಾರು ಬಿಟ್ಟು ನಿಂತಳು. ಹಿಂದಿನವರು ಹಾರ್ನು ಹೊಡೆದೇ ಹೊಡೆದರು.

“ನುಗ್ಗವಾ, ಜಾಗ ಅದಲ್ಲ!” ಅಂದೆ.

“ಟ್ರ್ಯಾಕ್ಟರಿನವಗ ಹತ್ತಿ ಬಿಟ್ರ ಹಿಂದಿಂದು ಏನೂ ಕಾಣಂಗಿಲ್ಲ ಅಣ್ಣಾ. ಅವನ ಲೆಕ್ಕದಾಗ ನಾವು ಇಲ್ಲಿ ಇಲ್ಲೇ ಇಲ್ಲ.”

ಟ್ರ್ಯಾಕ್ಟರು ಒಮ್ಮೆಲೇ ಬಲಕ್ಕೆ ಹೊರಳಿತು. ಆ ಸಂದು ಮುಚ್ಚಿಹೋಯಿತು. ಅವಳು ಗೇರು ಹಾಕಿದಳು. ನಾನೇ ಕಲಿಸಿದ ಗಾಡಿ, ಆದರೆ ಈ ತಾಳ್ಮೆ ನಾನು ಕಲಿಸಿದ್ದಲ್ಲ. ಆ ದಿನ ಮನೆಗೆ ಬಂದು ಅವ್ವನ ಮುಂದೆ ಇದನ್ನು ಎರಡು ಸಲ ಹೇಳಿದೆ.

ಇನ್ನು ಕಲ್ಲಿನ ಮಾತು. ಕಾಲುವೆ ಬಂದ ಮೇಲೆ ಜೋಳ, ತೊಗರಿಯ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಕೊಯ್ದ ಭತ್ತ ಒಣಗಿಸಲು ಯಾರಿಗೂ ಅಷ್ಟು ದೊಡ್ಡ ಕಣ ಇರಲಿಲ್ಲ. ಡಾಂಬರು ರಸ್ತೆಯೇ ಕಣವಾಯಿತು. ಅರ್ಧ ರಸ್ತೆಗೆ ಭತ್ತ ಹರವಿ, ಗಾಡಿಗಳು ತುಳಿಯದಂತೆ ಅಂಚಿಗೆ ಸಾಲಾಗಿ ಕಲ್ಲು ಇಡುತ್ತೇವೆ. ಸಂಜೆ ಭತ್ತವನ್ನು ರಸ್ತೆಯ ಪಕ್ಕ ಗುಡ್ಡೆ ಮಾಡಿ ತಾಡಪತ್ರಿ ಮುಚ್ಚುತ್ತೇವೆ. ಕಲ್ಲುಗಳನ್ನು ಮಾತ್ರ ಅಲ್ಲೇ ಬಿಡುತ್ತೇವೆ. ಬೆಳಿಗ್ಗೆ ಮತ್ತೆ ಬೇಕಲ್ಲ.

ತಂಗಿ ಎಷ್ಟು ಸಲ ಹೇಳಿದ್ದಳೋ. “ಭತ್ತ ತೆಗೀತೀರಿ, ಕಲ್ಲು ಬಿಡ್ತೀರಿ. ಕತ್ತಲಾದ್ರ ಗಾಡ್ಯಾಗ ಬರೋರಿಗಿ ಅವು ಕಾಣ್ತಾವೇನು?”

“ದಿನಾ ಹೊತ್ತು ತಂದು, ದಿನಾ ಹೊತ್ತು ಹಾಕಬೇಕೇನವಾ? ನಡಾ ನಂದು, ನಿಂದಲ್ಲ,” ಎಂದು ನಾನು ಮಾತು ಮುರಿಯುತ್ತಿದ್ದೆ.

ಯಾವ ಕಲ್ಲು ಯಾರದೆಂದು ನಮಗೆಲ್ಲ ಗೊತ್ತಿರುತ್ತದೆ. ನನ್ನವು ಬಿದ್ದುಹೋದ ಕೊಟ್ಟಿಗೆಯ ಗೋಡೆಯವು. ಅವುಗಳ ಒಂದು ಮೈಗೆ ಹಳೆಯ ಸುಣ್ಣ ಹತ್ತಿತ್ತು.

ಒಂದು ಸುಗ್ಗಿಯಲ್ಲಿ ಸಂಜೆ ಮೋಡ ಕವಿಯಿತು. ಭತ್ತ ನೆನೆದೀತೆಂದು ಅವಸರದಲ್ಲಿ ಗುಡ್ಡೆ ಮಾಡಿ ತಾಡಪತ್ರಿಯ ಹಗ್ಗ ಬಿಗಿಯುತ್ತಿದ್ದೆ. ಹೊತ್ತು ಮುಳುಗಿ ಮಬ್ಬಾಗಿತ್ತು. ಕಾಲುವೆಯ ಸೇತುವೆಯ ಕಡೆಯಿಂದ ಗಾಡಿಯೊಂದು ಬರುತ್ತಿತ್ತು. ಎದುರಿನಿಂದ ಒಂದೇ ದೀಪ ಉರಿಯುವ ಟ್ರ್ಯಾಕ್ಟರು. ದೂರದಿಂದ ಅದೂ ಮೋಟಾರ್ ಸೈಕಲ್ಲಿನಂತೆಯೇ ಕಾಣುತ್ತಿತ್ತು. ಹತ್ತಿರ ಬಂದಾಗಲೇ ಅದರ ಅಗಲ ತಿಳಿದಿರಬೇಕು, ಗಾಡಿ ಎಡಕ್ಕೆ ಸರಿಯಿತು. ಆಮೇಲೆ ಕಬ್ಬಿಣ ಡಾಂಬರಿನ ಮೇಲೆ ಉಜ್ಜಿದ ಸದ್ದು.

ಟ್ರ್ಯಾಕ್ಟರಿನವನು ಬ್ರೇಕು ಹಾಕಿ, “ಯಾರೋ ಬಿದ್ದಾರ್ರಿ! ಬರ್ರಿ!” ಎಂದು ಕೂಗಿದ. ನಾನು ಓಡಿದೆ. ಅವನ ಒಂದು ದೀಪದ ಬೆಳಕಿನಲ್ಲಿ ನನಗೆ ಮೊದಲು ಕಂಡದ್ದು ಕಲ್ಲು. ಅದರ ಸುಣ್ಣದ ಮೈ ಮೇಲಕ್ಕಾಗಿತ್ತು. ಅವನು ಇಳಿದು ಬರುವಷ್ಟರಲ್ಲಿ ನಾನು ಅದನ್ನು ಎರಡೂ ಕೈಯಿಂದ ಎತ್ತಿ ತಗ್ಗಿಗೆ ಹಾಕಿದೆ. ಆಮೇಲೆ ಬಿದ್ದವರ ಕಡೆ ತಿರುಗಿದೆ.

ಹೆಲ್ಮೆಟ್ಟಿನೊಳಗಿನಿಂದ “ಅಣ್ಣಾ” ಎಂಬ ದನಿ ಬಂತು. ನೀಲಿ ಪೆಟ್ಟಿಗೆ ಬಾಯಿ ತೆರೆದು ದೂರ ಬಿದ್ದಿತ್ತು.

ಎಡಗಡೆಯ ಹೆಗಲಿನ ಎಲುಬು ಮುರಿದಿತ್ತು, ಮಣಿಕಟ್ಟೂ ಮುರಿದಿತ್ತು. ತಲೆಗೆ ಏನೂ ಆಗಿರಲಿಲ್ಲ. ಹೆಲ್ಮೆಟ್ಟಿಗೆ ಕಿವಿಯಿಂದ ಹಣೆಯವರೆಗೆ ಬಿರುಕು ಬಿಟ್ಟಿತ್ತು. ಅವ್ವ ಅದನ್ನು ದೇವರ ಜಗುಲಿಯ ಮೇಲಿಟ್ಟು ಕುಂಕುಮ ಹಚ್ಚಿದಳು. ಗಡಿಗೆ ಎಂದು ನಕ್ಕಿದ್ದ ಕಾಕಾ ಬಂದು ಅದರ ಬಿರುಕಿನ ಮೇಲೆ ಬೆರಳಾಡಿಸಿದರು.

“ಹೆಂಗ ಬಿತ್ತಪ್ಪಾ ಹುಡುಗಿ?” ಎಂದು ನನ್ನನ್ನೇ ಕೇಳಿದರು.

“ನಾಯಿ ಅಡ್ಡ ಬಂತು,” ಅಂದೆ.

“ಎಂಥಾ ನಾಯಿ?”

“ಕರೀದು.”

ತಂಗಿ ಪಕ್ಕದ ಹೊರಸಿನ ಮೇಲೆ ಮಲಗಿದ್ದಳು. ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಸುಳ್ಳಿಗೆ ಬಣ್ಣ ಕೊಟ್ಟದ್ದೇ ತಪ್ಪಾಯಿತು. ಚಾ ಅಂಗಡಿಯ ಹತ್ತಿರ ಒಂದು ಕರೀ ನಾಯಿ ಇತ್ತು. ಅದನ್ನು ಕಂಡವರೆಲ್ಲ ಹೊಡೆಯತೊಡಗಿದರು. ಅದು ಅಂಗಡಿ ಬಿಟ್ಟು ಓಣಿ ಓಣಿ ಅಲೆಯಿತು. ಒಂದು ಮಧ್ಯಾಹ್ನ ನೋಡುತ್ತೇನೆ, ತಂಗಿ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು, ಇನ್ನೊಂದು ಕೈಯಿಂದ ಅದಕ್ಕೆ ರೊಟ್ಟಿ ಮುರಿದು ಹಾಕುತ್ತಿದ್ದಾಳೆ. ನನ್ನನ್ನು ನೋಡಿದಳು. ಇನ್ನೊಂದು ತುಂಡು ಮುರಿದಳು. ನಾನು ಹೊಲಕ್ಕೆ ಹೋದೆ.

ಕೈ ಕೂಡಿದ ಮೇಲೆ ಅವಳು ಮತ್ತೆ ಗಾಡಿ ಹತ್ತಿದಳು. ಅವ್ವ ಬೇಡವೆಂದು ಅತ್ತಳು. ಅವಳು ಹೊಸ ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿದು, ಎರಡೂ ಕನ್ನಡಿ ಒರೆಸಿ ಹೊರಟಳು. ಎರಡು ಸುಗ್ಗಿ ಕಳೆದವು. ಕಲ್ಲು ನನ್ನೊಳಗೇ ಇತ್ತು. ನಿಜ ತಿಳಿದರೆ ಅವಳು ಮತ್ತೆ ನನ್ನನ್ನು ಅಣ್ಣಾ ಎಂದು ಕರೆಯುತ್ತಾಳೋ ಇಲ್ಲವೋ ಎಂಬುದೇ ನನ್ನ ಭಯ.

ಮೂರನೆಯ ಸುಗ್ಗಿಗೆ ಮುಂಚೆ ಹಣಮಪ್ಪನ ಗುಡಿಯ ಕಟ್ಟೆಗೆ ಊರಿನವರನ್ನು ಅವಳೇ ಕರೆಸಿದಳು. ಅಷ್ಟು ಗಂಡಸರ ಮುಂದೆ ನಿಂತು ಮಾತಾಡಿದಳು. ದನಿ ನಡುಗಲಿಲ್ಲ.

“ಭತ್ತ ಹಾಕಬ್ಯಾಡ್ರಿ ಅನ್ನಂಗಿಲ್ಲ. ಜಾಗ ಇಲ್ಲ, ನನಗೂ ಗೊತ್ತದ. ಹೊತ್ತು ಮುಳಗೂದ್ರಾಗ ಕಲ್ಲು ತೆಗೀರಿ, ಅಷ್ಟೇ ಕೇಳಾಕತ್ತೀನಿ.”

ಒಬ್ಬರು ನಗುತ್ತ ಅಂದರು: “ನೀ ಬಿದ್ದದ್ದು ಕರೀ ನಾಯಿ ಸಲುವಾಗಿ. ಸಿಟ್ಟು ನಮ್ಮ ಕಲ್ಲಿನ ಮ್ಯಾಲ ಯಾಕವಾ?”

ಕಟ್ಟೆಯೆಲ್ಲ ನಕ್ಕಿತು. ಒಂದು ಮಾತು ಆಡಿದ್ದರೆ ಅವಳು ಗೆಲ್ಲುತ್ತಿದ್ದಳು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಎಂದು ನನಗೆ ಆಗ ತಿಳಿಯಿತು. ಎದ್ದು ನಿಂತೆ.

“ನಾಯಿ ಇರ್ಲಿಲ್ರಿ. ಕಲ್ಲಿತ್ತು. ನಂದೇ ಕಲ್ಲು. ತಗ್ಗಿಗಿ ಹಾಕಿ ಸುಳ್ಳು ಹೇಳೀನಿ.”

ಕಟ್ಟೆಯ ಮೂಲೆಯಿಂದ ಕಾಕಾ ಅಂದರು: “ಹಂಗಾದ್ರ ಪಾಪ, ಆ ನಾಯಿಗಿ ಸುಮ್ಮಸುಮ್ಮನ ಬಡದೀವಲ್ಲಪಾ!”

ಮನೆಯ ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ ನಡೆದೆವು. ಅವಳೇ ಮೊದಲು ಮಾತಾಡಿದಳು.

“ನನಗ ಗೊತ್ತಿತ್ತು. ಬಿದ್ದಲ್ಲಿಂದ ನಿನ್ನ ಚಪ್ಪಲಿ ಕಂಡುವು. ಕಲ್ಲಿನ ಕಡಿ ಹೋದುವು, ಆಮ್ಯಾಲ ನನ್ನ ಕಡಿ ಬಂದುವು.”

“ನೀ ಅಂತ ಗೊತ್ತಿರ್ಲಿಲ್ಲವಾ.”

“ಬ್ಯಾರೆಯವ್ರು ಆಗಿದ್ರ?”

ಆ ಗಳಿಗೆಯಲ್ಲಿ ಬಿದ್ದವರು ಯಾರೇ ಆಗಿದ್ದರೂ ನಾನು ಕಲ್ಲನ್ನೇ ಮೊದಲು ಎತ್ತುತ್ತಿದ್ದೆ. ಕಲ್ಲು ಬಿಟ್ಟದ್ದು ಎಲ್ಲರೂ ಮಾಡುವ ತಪ್ಪು. ಇದು ನನ್ನದೇ.

ಅವಳು ಬಾಗಿಲಲ್ಲಿ ನಿಂತು, “ಎರಡ ವರ್ಷ ತಗೊಂಡಿ ಅಣ್ಣಾ,” ಅಂದಳು. ಅಣ್ಣಾ ಎಂದದ್ದನ್ನು ನಾನು ಕೇಳಿಸಿಕೊಂಡೆ.

ಈಗ ಅವಳು ಮದುವೆಯಾಗಿ ಎರಡು ಓಣಿ ಆಚೆ ಇದ್ದಾಳೆ. ಸುಗ್ಗಿಯಲ್ಲಿ ಹೊತ್ತು ಇಳಿಯುವಾಗ ನಾನು ಸೇತುವೆಯಿಂದ ಊರ ತಿರುವಿನವರೆಗೆ ನಡೆದು ಕಲ್ಲು ತೆಗೆಯುತ್ತೇನೆ, ನನ್ನವನ್ನು ಮಾತ್ರವಲ್ಲ. ಹೆಚ್ಚಿನವರು ತಾವೇ ತೆಗೆಯುತ್ತಾರೆ, ಮರೆತವರವು ನನ್ನ ಪಾಲು. “ಏನಪಾ, ಕಲ್ಲಿನ ಇಲಾಖಿದಾಗ ನೌಕರಿ ಹತ್ತೇದೇನು?” ಎಂದು ಕೇಳುವವರಿದ್ದಾರೆ. ಹೌದ್ರಿ ಅನ್ನುತ್ತೇನೆ.

ಮೊನ್ನೆ ಸಂಜೆ ಹೀಗೆಯೇ ಕೊನೆಯ ಕಲ್ಲು ಬದಿಗಿಟ್ಟು ನಿಂತಿದ್ದೆ. ಸೇತುವೆಯ ಮೇಲೆ ಅವಳ ಗಾಡಿ ಎರಡು ಸಲ ಹಾರ್ನು ಹೊಡೆಯಿತು, ಯಾವಾಗಲೂ ಹೊಡೆಯುವಂತೆ. ಬಿದ್ದ ಜಾಗದ ಹತ್ತಿರ ಬಂದಾಗ ನಿಧಾನವಾಯಿತು.

“ಎಲ್ಲಾ ತೆಗದೀನಿ, ಜೋರ್ ಬಾರವಾ!” ಎಂದು ಕೂಗಿದೆ.

“ತೆಗದಿರ್ತಿ, ಗೊತ್ತದ,” ಅಂದಳು ಹೆಲ್ಮೆಟ್ಟಿನೊಳಗಿನಿಂದ. “ಆದ್ರೂ ನೋಡ್ಕೊಂತ ಬರ್ತೀನಿ.”

ಎಷ್ಟು ನಿಧಾನ ಬರಬೇಕೋ ಅಷ್ಟೇ ನಿಧಾನವಾಗಿ ನನ್ನನ್ನು ದಾಟಿ ಹೋದಳು. ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತೆ. ನೀಲಿ ಪೆಟ್ಟಿಗೆ ಅಲುಗದಂತೆ ಬಿಗಿದಿತ್ತು. ಎರಡೂ ಕನ್ನಡಿ ನೆಟ್ಟಗಿದ್ದವು.